ಗಾಳಿಯ ಬಾಣಲೆಯೂ ಹಂದಿಯ ಬರ್ಗರೂ

ಹೆಸರು ಕೇಳಿದೊಡನೆಯೇ ತಪ್ಪು ಅರ್ಥಕ್ಕೆ ಎಡೆಗೊಡುವ ತಿನಿಸುಗಳಲ್ಲಿ ಹ್ಯಾಂಬರ್ಗರ್ ಎಂಬುದೊಂದು. ಇಂಗ್ಲಿಷಿನಲ್ಲಿ ‘ಹ್ಯಾಮ್’ ಎಂದರೆ ಉಪ್ಪು ಹಾಕಿ ಹದಮಾಡಿದ ಹಂದಿಯ ತೊಡೆ. ಆದುದರಿಂದ ಹ್ಯಾಂಬರ್ಗರ್ ಹಂದಿಯ ಮಾಂಸದ್ದಾಗಿರಬೇಕೆಂದು ಬಗೆಯುವವರು ಬಹಳ ಮಂದಿ. ನಿಜಕ್ಕೆ ಆ ಹೆಸರು ಬಂದುದು ಜರ್ಮನಿಯ ಹ್ಯಾಂಬರ್ಗ್ ಎಂಬ ರೇವುಪಟ್ಟಣದಿಂದ. ಅಮೆರಿಕದಲ್ಲಿ ಅದು ಬೆಳೆದುದು ದನದ ಮಾಂಸದಿಂದ. ಬಳಕೆಯ ಕತ್ತರಿಗೆ ಸಿಕ್ಕಿ ಹೆಸರಿನ ತಲೆ ಕಡಿದುಹೋಗಿ ‘ಬರ್ಗರ್’ ಎಂಬ ಬಾಲ ಮಾತ್ರ ಉಳಿಯಿತು. ಆ ಬಾಲವನ್ನು ಈಗ ಆಲೂಗೆಡ್ಡೆಗೂ ಅಂಟಿಸುವರು, ಕೋಳಿಗೂ ಅಂಟಿಸುವರು. ಹಂದಿಯ ಬರ್ಗರ್ ಮಾಡಿದ ಮನೆಯಲ್ಲಿಯಾದರೋ, ಪಾಮರರ ತಪ್ಪು ವ್ಯುತ್ಪತ್ತಿಯೇ ಆಕಸ್ಮಿಕವಾಗಿ ಸರಿಯಾಗಿಬಿಡುತ್ತದೆ. ಭಾಷಾಶಾಸ್ತ್ರಜ್ಞರು ಇದನ್ನು ಕೇಳಿ ನಕ್ಕರೂ ಚಿಂತೆಯಿಲ್ಲ.

ಅದನ್ನು ಬೇಯಿಸುವ ಯಂತ್ರದ ಹೆಸರೂ ಇಂಥದೇ ಒಂದು ಸುಳ್ಳು. ಏರ್ ಫ್ರೈಯರ್ ಎಂದರೆ ಗಾಳಿಯಲ್ಲಿ ಕರಿಯುವುದೆಂದು ಅರ್ಥ. ಆದರೆ ಅದು ಕರಿಯುವುದಿಲ್ಲ, ಸುಡುತ್ತದೆ. ಮೇಲೆ ಕೆಂಪಗೆ ಕಾಯುವ ತಂತಿಯ ಸುರುಳಿ, ಅದರ ನೆತ್ತಿಯಲ್ಲೊಂದು ಬೀಸಣಿಗೆ, ಕೆಳಗೆ ತೂತುಗಳುಳ್ಳ ಬುಟ್ಟಿ, ಅದರ ಅಡಿಯಲ್ಲಿ ಹನಿಯುವುದನ್ನು ಹಿಡಿಯುವ ತಟ್ಟೆ: ಇಷ್ಟೇ ಅದರ ಸಂಸಾರ. ಫಿಲಿಪ್ಸ್ ಕಂಪನಿಯವರು 2010ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಇದನ್ನು ಜನರ ಮುಂದಿಟ್ಟ ಬಳಿಕ ಈ ಹೆಸರು ಲೋಕದಲ್ಲೆಲ್ಲ ಹಬ್ಬಿತು. ತತ್ತ್ವವು ಅದಕ್ಕಿಂತ ಹಳೆಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿಯೇ ಅಮೆರಿಕದವರು ವಿಮಾನಗಳಲ್ಲಿ ಹೆಪ್ಪುಗಟ್ಟಿಸಿದ ಊಟವನ್ನು ಬಿಸಿಮಾಡಲು ಬೀಸಣಿಗೆಯುಳ್ಳ ಒಲೆಯನ್ನು ಬಳಸಿದ್ದರು. ಕಾಫಿಯ ಕಣದಲ್ಲಿ ಕೆಲಸಮಾಡಿದವರಿಗೆ ಈ ತತ್ತ್ವವನ್ನು ವಿವರಿಸಬೇಕಾದುದಿಲ್ಲ. ಬಿಸಿಲು ಒಂದೇ ಸಮನಾಗಿದ್ದರೂ ಗಾಳಿಯಾಡುವ ದಿನ ಹಣ್ಣು ಬೇಗ ಒಣಗುವುದು, ಗಾಳಿ ನಿಂತ ದಿನ ಒಣಗದು. ಬೇಯುವ ಪದಾರ್ಥದ ಸುತ್ತ ತೇವದ ಗಾಳಿಯ ಒಂದು ಹೊದಿಕೆ ಕಟ್ಟಿಕೊಂಡಿರುವುದು. ಬೀಸಣಿಗೆ ಆ ಹೊದಿಕೆಯನ್ನು ಸುಲಿದುಹಾಕುತ್ತದೆ. ತೇವವಿರುವವರೆಗೆ ಮೈಯ ಬಿಸಿ 100 ಡಿಗ್ರಿಯನ್ನು ದಾಟಲಾರದು. ಒಣಗಿದ ಮೈ 140 ಡಿಗ್ರಿಯನ್ನು ಮುಟ್ಟಿದಾಗ ಚೆನ್ನಾಗಿ ಕೆಂಪೇರಿ ಘಮಘಮಿಸುತ್ತದೆ. ಈ ಕೆಂಪೇರುವಿಕೆಯ ರಸಾಯನವನ್ನು 1912ರಲ್ಲಿ ಬಣ್ಣಿಸಿದವನು ಮಯ್ಯಾರ್ ಎಂಬ ಫ್ರೆಂಚ್ ವಿಜ್ಞಾನಿ.

ಮಾರುವವರು ಈ ಯಂತ್ರವನ್ನು ಆರೋಗ್ಯದ ಹೆಸರಿನಲ್ಲಿ ಹೊಗಳುವರು. ಆ ಹೊಗಳಿಕೆಯನ್ನು ಕೊಂಚ ಸೋಸಿ ತೆಗೆದುಕೊಳ್ಳುವುದು ಲೇಸು. ಬೋಂಡವನ್ನೋ ಹಪ್ಪಳವನ್ನೋ ಎಣ್ಣೆಯಲ್ಲಿ ಮುಳುಗಿಸುವ ಬದಲು ಇದರಲ್ಲಿಟ್ಟರೆ ಎಣ್ಣೆ ಉಳಿಯುವುದು ದಿಟ. ಆದರೆ ಬರ್ಗರಿನ ಬಿಲ್ಲೆಯನ್ನು ಯಾರೂ ಎಣ್ಣೆಯಲ್ಲಿ ಮುಳುಗಿಸಿ ಕರಿಯುವ ವಾಡಿಕೆಯಿಲ್ಲ. ಅದು ಕಾವಲಿಯ ಮೇಲೆ ತನ್ನ ನೆಣದಲ್ಲಿಯೇ ಬೇಯುವಂಥದು. ಆದುದರಿಂದ ಇಲ್ಲಿ ಉಳಿಯುವುದು ಎಣ್ಣೆಯಲ್ಲ. ಕಾವಲಿಯ ಮೇಲಾದರೆ ಕರಗಿದ ನೆಣ ಬಿಲ್ಲೆಯ ಸುತ್ತಲೇ ನಿಂತು ಅದರೊಡನೆ ತಟ್ಟೆಗೆ ಬರುವುದು; ಬುಟ್ಟಿಯಲ್ಲಾದರೆ ತೂತುಗಳಿಂದ ಕೆಳಗಿಳಿದುಹೋಗುವುದು. ಲಾಭ ಅಷ್ಟೇ. ಅದು ಸಣ್ಣದೇನೂ ಅಲ್ಲ. ಆದರೆ ಯಂತ್ರಕ್ಕೆ ಹಾಕುವ ಮೊದಲೇ ಮಾಂಸದಲ್ಲಿ ಎಷ್ಟು ನೆಣವಿತ್ತೆಂಬುದರ ಮುಂದೆ ಅದು ಎರಡನೆಯ ಮಾತು.

ಈ ಎರಡನೆಯ ಮಾತನ್ನು ಮೊದಲನೆಯದೆಂದು ನಂಬಿ ಯಂತ್ರವನ್ನು ಕೊಂಡು ತಂದ ಮನೆಯೊಂದು ಕೊಡಗಿನಲ್ಲಿದೆ. ಕೊಡಗಿನಲ್ಲಿ ಹಂದಿಯ ಮಾಂಸವೆಂದರೆ ಬರಿಯ ಆಹಾರವಲ್ಲ, ಮರ್ಯಾದೆ. ಹಿಂದೆ ಕಾಡುಹಂದಿಯ ಬೇಟೆ ನಡೆಯುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಅದು ನಿಂತು, ಸಾಕಿದ ಹಂದಿಯೇ ಪಾತ್ರೆಗೆ ಬರುತ್ತಿದೆ. ಹುರಿದು ಪುಡಿಮಾಡಿದ ಕರಿಮೆಣಸು, ಜೀರಿಗೆ, ಕೊತ್ತಂಬರಿ. ಕೊನೆಗೆ ಕಪ್ಪಗೆ ಮಂದವಾದ ಕಾಚಂಪುಳಿ. ಮಳೆಗಾಲದಲ್ಲಿ ಉದುರಿದ ಹಣ್ಣುಗಳನ್ನು ಒಟ್ಟುಗೂಡಿಸಿ, ತೊಟ್ಟಿಕ್ಕುವ ರಸವನ್ನು ಹಿಡಿದು, ಅದನ್ನು ಕುದಿಸಿ ಕುದಿಸಿ ಇಂಗಿಸಿದರೆ ಆಗುವ ಈ ಹುಳಿ ಒಂದು ಚಮಚದಷ್ಟಿದ್ದರೆ ಒಂದು ಪಾತ್ರೆಯನ್ನೇ ಆಳಬಲ್ಲುದು. ಪಂದಿಕರಿಯ ತುಂಡಿನಲ್ಲಿ ತೊಗಲು, ನೆಣ, ಮಾಂಸ ಮೂರೂ ಇರಬೇಕು. ನೆಣವಿಲ್ಲದ ತುಂಡನ್ನು ಅತಿಥಿಗೆ ಬಡಿಸುವುದು, ಬಂದವನನ್ನು ಹೊಸ್ತಿಲ ಹೊರಗೆ ನಿಲ್ಲಿಸಿ ಮಾತನಾಡಿಸಿದ ಹಾಗೆ.

ಆ ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಹೃದಯದ ರಕ್ತನಾಳವೊಂದು ಕಿರಿದಾಗಿ, ಅದರೊಳಗೆ ಸ್ಟೆಂಟ್ ಎಂಬ ಸಣ್ಣ ಬಲೆಯ ಕೊಳವೆಯನ್ನು ಇಡಿಸಿಕೊಂಡು ಮನೆಗೆ ಬಂದರು. ವೈದ್ಯರು ಮಾಂಸವನ್ನು ಬಿಡಿರೆಂದು ಹೇಳಲಿಲ್ಲ. ನೆಣವನ್ನೂ ಉಪ್ಪನ್ನೂ ಮಿತಿಯಲ್ಲಿಡಿರೆಂದರು. ಆದರೆ ಮಿತಿಯೆಂಬುದು ಆ ಮನೆಯ ಪಾತ್ರೆಗೆ ತಿಳಿಯದ ಅಳತೆ. ಯಜಮಾನರು ಹಟಮಾಡಲಿಲ್ಲ, ಬೇಡಲಿಲ್ಲ. ಮನೆಯವರು ಪಂದಿಕರಿ ಉಣ್ಣುವ ದಿನ ತಮಗೆ ಹಸಿವಿಲ್ಲವೆಂದು ಹೇಳಿ ತೋಟದ ಕಡೆ ಹೊರಟುಬಿಡುತ್ತಿದ್ದರು. ಹಾಗೆ ಹೊರಟವರು ಹಿಂದಿರುಗುವವರೆಗೆ ಅವರ ಪತ್ನಿಯೂ ಉಣ್ಣುತ್ತಿರಲಿಲ್ಲ. ಐವತ್ತು ವರ್ಷಗಳಿಂದ ಒಂದೇ ಪಾತ್ರೆಯಿಂದ ಉಂಡವರು ಹೀಗೆ ಬೇರೆ ಬೇರೆ ಹೊತ್ತಿಗೆ ಉಣ್ಣುವಂತಾದುದನ್ನು ಕಂಡು, ಮೈಸೂರಿನಲ್ಲಿ ಓದಿ ಬಂದಿದ್ದ ಸೊಸೆ ಯಂತ್ರವನ್ನು ತರಿಸಿದಳು. ಬರ್ಗರಿನ ಯೋಚನೆ ಮೊಮ್ಮಗನದು. ಅವನಿಗೆ ಅಜ್ಜನ ಆರೋಗ್ಯಕ್ಕಿಂತ ಬನ್ನಿನ ಮೇಲೆ ಕಣ್ಣು ಹೆಚ್ಚಾಗಿದ್ದಿತೆಂದು ಹೇಳಿದರೆ ಅನ್ಯಾಯವಾಗದು.

ಮೊದಲನೆಯ ಸಲ ಪೇಟೆಯ ಅಂಗಡಿಯಿಂದ ಕೈಮಾ ಬಂದಿತು. ನೋಡಲು ಬಿಳಿಯೂ ಕೆಂಪೂ ಬೆರೆತ ಮುದ್ದೆ. ಬುಟ್ಟಿಯಲ್ಲಿಟ್ಟ ಬಿಲ್ಲೆಗಳು ಅಂಗೈಯಗಲವಿದ್ದವು ಬಿಸ್ಕತ್ತಿನಷ್ಟಾದುವು. ಕೆಳಗಿನ ತಟ್ಟೆಯಲ್ಲಿ ನೆಣ ಕೆರೆಗಟ್ಟಿ, ಹೊಗೆಯೆದ್ದು, ಅಡುಗೆಮನೆಯ ಕಿಟಕಿಗಳನ್ನೆಲ್ಲ ತೆರೆಯಬೇಕಾಯಿತು. ಇಲ್ಲಿ ಕೈಮಾ ಎಂಬುದರ ಗುಟ್ಟನ್ನು ಸ್ವಲ್ಪ ವಿಚಾರಿಸಬೇಕು. ತುಂಡಾಗಿರುವ ಮಾಂಸ ತನ್ನ ಚರಿತ್ರೆಯನ್ನು ಮುಚ್ಚಿಡಲಾರದು; ಯಾವ ಅಂಗದ್ದು, ನೆಣವೆಷ್ಟು, ಹಳೆಯದೋ ಹೊಸದೋ ಎಂಬುದನ್ನು ಕಣ್ಣೂ ಮೂಗೂ ಹೇಳಿಬಿಡುವುವು. ಕೊಚ್ಚಿದ ಮೇಲೆ ಸಾಕ್ಷಿಗಳೆಲ್ಲ ಅಳಿದುಹೋದುವು. ನೂರು ಗ್ರಾಂ ಕೈಮಾದಲ್ಲಿ ಮೂವತ್ತು ಗ್ರಾಂ ನೆಣವಿದ್ದರೂ ಅದು ಕೆಂಪಾಗಿಯೇ ಕಾಣುವುದುಂಟು.

ಇನ್ನೂ ಮುಖ್ಯವಾದ ಸಂಗತಿಯೊಂದುಂಟು. ಇಡಿಯ ತುಂಡಿನಲ್ಲಿ ಸೂಕ್ಷ್ಮಜೀವಿಗಳು ಇರುವುದು ಬಹುಮಟ್ಟಿಗೆ ಹೊರಮೈಯಲ್ಲಿ; ಹೊರಮೈ ಬೆಂದರೆ ಅವು ಸತ್ತುವು. ಕೊಚ್ಚಿದಾಗ ಹೊರಗೂ ಒಳಗೂ ಕಲೆತುಹೋಗಿ, ಹೊರಮೈಯೆಂಬುದೇ ಇಲ್ಲವಾಗುತ್ತದೆ. ಆದುದರಿಂದಲೇ ಅಮೆರಿಕದ ಕೃಷಿ ಇಲಾಖೆಯವರು ಹಂದಿಯ ಇಡಿಯ ತುಂಡಿಗೆ 63 ಡಿಗ್ರಿ ಸೆಂಟಿಗ್ರೇಡು ಬಿಸಿಯೂ ಮೂರು ನಿಮಿಷದ ವಿರಾಮವೂ ಸಾಕೆಂದು ವಿಧಿಸಿ, ಕೊಚ್ಚಿದುದಕ್ಕೆ ಮಾತ್ರ 71 ಡಿಗ್ರಿ ಬೇಕೆನ್ನುವರು. ಲಾಡಿಹುಳುವಿನ ಭಯವೂ ಈ ಬಿಸಿಗೆ ನಿಲ್ಲದು. ಆ ಹುಳುವಿನ ವಿಷಯದಲ್ಲಿ ಓದಿದವರಲ್ಲಿಯೂ ಒಂದು ತಪ್ಪು ಎಣಿಕೆಯಿದೆ. ಅರೆಬೆಂದ ಹಂದಿಯ ಮಾಂಸವನ್ನು ತಿಂದವನ ಕರುಳಿನಲ್ಲಿ ಹುಳು ಬೆಳೆಯುವುದು. ಮೆದುಳಿನಲ್ಲಿ ಅದರ ಗಂಟು ಕಟ್ಟಿ ಅಪಸ್ಮಾರ ಬರುವುದಾದರೋ, ಅಂಥವನ ಮಲದಿಂದ ನೀರಿಗೂ ಸೊಪ್ಪಿಗೂ ಸೇರಿದ ಮೊಟ್ಟೆಗಳು ಹೊಟ್ಟೆಗೆ ಹೋದಾಗ. ಹೀಗಾಗಿ ಹಂದಿಯನ್ನು ಜನ್ಮದಲ್ಲಿ ಮುಟ್ಟದವರಿಗೂ ಆ ವ್ಯಾಧಿ ತಪ್ಪಿದ್ದಲ್ಲ. ಕೈ ತೊಳೆಯುವುದೂ ಸೊಪ್ಪು ತೊಳೆಯುವುದೂ ಮಾಂಸ ಬೇಯಿಸುವುದಕ್ಕಿಂತ ಕಡಮೆಯ ಕೆಲಸಗಳಲ್ಲ.

ಎರಡನೆಯ ಸಲ ಸೊಸೆ ಮತ್ತೊಂದು ಕೊನೆಗೆ ಹೋದಳು. ಬೆನ್ನಿನ ಒಳಭಾಗದ, ನೆಣದ ಎಳೆಯೂ ಇಲ್ಲದ ಮಾಂಸವನ್ನು ತಂದು ಮಿಕ್ಸಿಯಲ್ಲಿ ಅರೆದು, ಮೊದಲೇ ಉಪ್ಪು ಹಾಕಿ ನಾದಿದಳು. ಉಪ್ಪು ಬಿದ್ದ ಮಾಂಸವನ್ನು ನಾದಿದರೆ ಅದರ ಸಾರವು ಅಂಟಾಗಿ ಹೆಣೆದುಕೊಳ್ಳುವುದು; ಸಾಸೇಜಿಗೆ ಅದು ಗುಣ, ಬರ್ಗರಿಗೆ ದೋಷ. ಬಿಲ್ಲೆಗಳು ರಬ್ಬರಿನ ಚಂಡಿನಂತೆ ಪುಟಿಯುವಂತಾದುವು. ಒಳಗೆ ಒಂದು ಹನಿ ರಸವಿಲ್ಲ. ಯಜಮಾನರು ಒಂದನ್ನು ಪೂರ್ತಿಯಾಗಿ ತಿಂದು, ಎರಡು ಲೋಟ ನೀರು ಕುಡಿದು, ‘ಚೆನ್ನಾಗಿದೆ’ ಎಂದರು. ಆ ಮಾತನ್ನು ಕೇಳಿ ಅತ್ತೆಯು ಎದ್ದು ಅಡುಗೆಮನೆಗೆ ಹೋದರು. ಅಲ್ಲಿಯವರೆಗೆ ಯಂತ್ರವಿದ್ದ ಮೂಲೆಯ ಕಡೆ ಅವರು ತಲೆಯೆತ್ತಿ ನೋಡಿದವರಲ್ಲ.

ಮೂರನೆಯ ಸಲದ ಮಾಂಸವನ್ನು ಆರಿಸಿದವರು ಅವರೇ. ಮುಂಗಾಲಿನ ಮೇಲಣ ಭುಜದ ಭಾಗ, ಅರ್ಧ ಕಿಲೋಗ್ರಾಂ. ತೊಗಲನ್ನು ತೆಗೆದು, ದಪ್ಪ ನೆಣವನ್ನು ಸುಲಿದು ಬೇರೆಯಿಟ್ಟು, ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಮಾಂಸದೊಡನೆ ಬಿಟ್ಟರು. ಲೆಕ್ಕ ಹಾಕಿದರೆ ನಾಲ್ಕು ಬಿಲ್ಲೆಗೆ ಸುಮಾರು ಐವತ್ತು ಗ್ರಾಂ ನೆಣ; ಪೇಟೆಯ ಕೈಮಾದಲ್ಲಿ ಇದರ ಎರಡು ಮೂರರಷ್ಟಿದ್ದರೆ ಆಶ್ಚರ್ಯವಿಲ್ಲ. ಮಿಕ್ಸಿಯನ್ನು ಅವರು ಒಪ್ಪಲಿಲ್ಲ. ಮಾಂಸವನ್ನು ತಣ್ಣನೆಯ ಪೆಟ್ಟಿಗೆಯಲ್ಲಿ ಗಟ್ಟಿಯಾಗಿಸಿ, ಮರದ ಮಣೆಯ ಮೇಲಿಟ್ಟು ಕತ್ತಿಯಿಂದಲೇ ಕೊಚ್ಚಿದರು. ಕತ್ತಿಯ ಕೈಮಾ ಮಿಕ್ಸಿಯ ಕೈಮಾಕ್ಕಿಂತ ಏಕೆ ಮೇಲೆಂಬುದಕ್ಕೆ ಕಾರಣವಿದೆ. ತಿರುಗುವ ಅಲಗು ಮಾಂಸವನ್ನು ಬಿಸಿಮಾಡಿ ನೆಣವನ್ನು ಬಳಿದುಬಿಡುವುದು. ಕತ್ತಿಯು ಕಡಿಯುವುದೇ ಹೊರತು ಅರೆಯುವುದಿಲ್ಲ. ನೆಣ ತನ್ನ ಕಣದಲ್ಲಿ ತಾನಿದ್ದು, ಬೇಯುವಾಗ ಅಲ್ಲಲ್ಲೇ ಕರಗಿ ಮಾಂಸವನ್ನು ನೆನೆಸುವುದು. ಕಡಮೆ ನೆಣದಲ್ಲಿ ಹೆಚ್ಚು ರುಚಿಯನ್ನು ಪಡೆಯುವ ಉಪಾಯ ಇದಕ್ಕಿಂತ ಬೇರೆಯಿಲ್ಲ.

ಅದಕ್ಕೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಎರಡು ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಹುರಿದ ಕರಿಮೆಣಸು ಜೀರಿಗೆಯ ಪುಡಿ. ಈರುಳ್ಳಿ ರುಚಿಗಷ್ಟೇ ಅಲ್ಲ, ತೇವಕ್ಕೂ ಬೇಕು. ಒಂದು ತುಂಡು ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಹಿಸುಕಿ ಸೇರಿಸಿದುದು ಸೊಸೆಯ ಸಲಹೆ. ಅದು ರಸವನ್ನು ಹಿಡಿದಿಡುವುದು. ಕಾಚಂಪುಳಿಯ ವಿಷಯದಲ್ಲಿ ಇಬ್ಬರಿಗೂ ಚರ್ಚೆ ನಡೆಯಿತು. ಅದಿಲ್ಲದ ಹಂದಿಯ ಮಾಂಸ ಕೊಡಗಿನದಾಗದು. ಆದರೆ ಹುಳಿಯನ್ನು ಕೈಮಾಕ್ಕೆ ಕಲಸಿ ಬಹಳ ಹೊತ್ತು ಇಟ್ಟರೆ ಮಾಂಸ ನೀರುಬಿಟ್ಟು ಪುಡಿಪುಡಿಯಾಗುವುದು. ಕೊನೆಗೆ ಅರ್ಧ ಚಮಚವನ್ನು ನೀರಿನಲ್ಲಿ ಕದಡಿ, ಬೇಯುವ ಕೊನೆಯ ಎರಡು ನಿಮಿಷವಿರುವಾಗ ಬಿಲ್ಲೆಯ ಮೇಲೆ ಸವರುವುದೆಂದಾಯಿತು. ಈ ತೀರ್ಮಾನ ಅಡುಗೆಯ ದೃಷ್ಟಿಯಿಂದಲೂ ಅತ್ತೆಸೊಸೆಯರ ದೃಷ್ಟಿಯಿಂದಲೂ ಒಳ್ಳೆಯದು.

ಕೈಯನ್ನು ಒದ್ದೆಮಾಡಿಕೊಂಡು, ಹೆಚ್ಚು ಒತ್ತದೆ, ಎರಡು ಸೆಂಟಿಮೀಟರ್ ದಪ್ಪದ ನಾಲ್ಕು ಬಿಲ್ಲೆಗಳನ್ನು ತಟ್ಟಿ, ನಡುವೆ ಹೆಬ್ಬೆರಳಿನಿಂದ ಒಂದೊಂದು ಗುಳಿ ಮಾಡಿದರು. ಬೇಯುವಾಗ ಅಂಚು ಕುಗ್ಗಿ ನಡು ಉಬ್ಬುವುದರಿಂದ, ಗುಳಿಯಿಲ್ಲದಿದ್ದರೆ ಬಿಲ್ಲೆ ಚಂಡಾಗುವುದು. ಅರ್ಧ ಗಂಟೆ ತಣ್ಣಗಿಟ್ಟು, ಬುಟ್ಟಿಗೆ ಇಡುವ ಮುನ್ನ ಮಾತ್ರ ಮೇಲೆ ಉಪ್ಪು ಉದುರಿಸಿದರು. ಯಂತ್ರವನ್ನು 190 ಡಿಗ್ರಿಗೆ ಕಾಯಿಸಿ, ಕೆಳಗಿನ ತಟ್ಟೆಯಲ್ಲಿ ನಾಲ್ಕು ಚಮಚ ನೀರು ಬಿಟ್ಟರು. ಹನಿಯುವ ನೆಣ ನೀರಿಗೆ ಬಿದ್ದರೆ ಹೊಗೆಯೇಳದು. ಬಿಲ್ಲೆಗಳ ನಡುವೆ ಬೆರಳು ತೂರುವಷ್ಟು ಎಡೆಯಿರಬೇಕು, ಏಕೆಂದರೆ ಗಾಳಿ ಹೋಗದ ಕಡೆ ಇದು ಬರಿಯ ಪೆಟ್ಟಿಗೆ. ಒಂದು ಮಗ್ಗುಲಿಗೆ ಆರು ನಿಮಿಷ, ತಿರುಗಿಸಿ ಮತ್ತೆ ಐದಾರು ನಿಮಿಷ. ಯಂತ್ರಯಂತ್ರಕ್ಕೂ ವ್ಯತ್ಯಾಸವಿರುವುದರಿಂದ ಗಡಿಯಾರವನ್ನು ನಂಬಲಾಗದು. ಬಣ್ಣವನ್ನಂತೂ ನಂಬಲೇಬಾರದು, ಬೆಂದರೂ ನಸುಗೆಂಪಾಗಿ ಉಳಿಯುವ ಮಾಂಸವುಂಟು, ಬೇಯುವ ಮೊದಲೇ ಕಂದುವ ಮಾಂಸವೂ ಉಂಟು. ಸೂಜಿಯಂತಹ ಉಷ್ಣಮಾಪಕವನ್ನು ಬಿಲ್ಲೆಯ ಮಗ್ಗುಲಿನಿಂದ ನಡುವಿಗೆ ಚುಚ್ಚಿ 71 ಕಂಡ ಮೇಲೆ ಹೊರತೆಗೆದು, ಮೂರು ನಿಮಿಷ ಹಾಗೆಯೇ ಬಿಟ್ಟರು. ಜ್ವರ ನೋಡುವ ಕಡ್ಡಿಯನ್ನು ಸತ್ತ ಹಂದಿಗೆ ಇಡುವುದೇ ಎಂದು ಮೊಮ್ಮಗನು ನಕ್ಕನು.

ಈ ಸಲ ತಟ್ಟೆಯಲ್ಲಿ ಇಳಿದ ನೆಣ ಬಹಳವಿರಲಿಲ್ಲ. ನೀರಿನ ಮೇಲೆ ತೇಲಿದುದನ್ನು ಅತ್ತೆಯು ಚಮಚದಿಂದ ಎತ್ತಿ ಬೋಗುಣಿಗೆ ಹಾಕಿ ನೋಡಿದರು. ಮುಂಚೆ ಸುಲಿದಿಟ್ಟಿದ್ದ ದಪ್ಪ ನೆಣವೂ ಪಕ್ಕದಲ್ಲಿತ್ತು. ‘ಇಷ್ಟೆಲ್ಲ ಅವರ ಹೊಟ್ಟೆಗೆ ಹೋಗಲಿಲ್ಲ, ಒಳ್ಳೆಯದಾಯಿತು. ಆದರೆ ಇದನ್ನು ಚೆಲ್ಲುವುದು ಹೇಗೆ ಮಗಳೇ?’ ಎಂದರು. ಸೊಸೆ ಉತ್ತರ ಕೊಡುವ ಮೊದಲೇ ಅದು ಕರಗಿ ಸೋಸಿ ಜಾಡಿಗೆ ಸೇರಿತ್ತು. ಎರಡು ದಿನಗಳ ಬಳಿಕ ಕಣಿಲೆಯ ಪಲ್ಯಕ್ಕೆ ಎಂದಿಲ್ಲದ ಘಮ ಬಂದುದನ್ನು ಯಜಮಾನರು ಮೆಚ್ಚಿ ಎರಡನೆಯ ಸಲ ಬಡಿಸಿಕೊಂಡಾಗಲೇ ವಿಷಯ ಬೆಳಕಿಗೆ ಬಂದುದು. ಯಂತ್ರವು ಮುಂಬಾಗಿಲಿನಿಂದ ಹೊರಗೆ ಕಳುಹಿಸಿದ ನೆಣವನ್ನು ಒಗ್ಗರಣೆಯ ಸೌಟು ಹಿತ್ತಿಲ ಬಾಗಿಲಿನಿಂದ ಒಳಗೆ ಕರೆದುಕೊಂಡಿತ್ತು. ವಸ್ತುವನ್ನು ಚೆಲ್ಲಬಾರದೆಂಬುದು ಹಳೆಯ ಧರ್ಮ, ಹೃದಯವನ್ನು ಕಾಯಬೇಕೆಂಬುದು ಹೊಸ ಧರ್ಮ. ಇವೆರಡರ ಜಗಳವನ್ನು ತೀರಿಸುವ ಗುಂಡಿ ಯಾವ ಯಂತ್ರದ ಮೇಲೂ ಇಲ್ಲ. ಜಾಡಿಯನ್ನು ಸೊಸೆ ಚೆಲ್ಲಲಿಲ್ಲ. ತೋಟದ ಲೈನಿನಲ್ಲಿದ್ದ ಕೆಲಸದವರ ಮನೆಗೆ ಕೊಟ್ಟುಬಂದಳು. ಹಗಲೆಲ್ಲ ಗುದ್ದಲಿ ಹಿಡಿಯುವ ಆ ಮೈಗಳಿಗೆ ಗ್ರಾಮಿಗೆ ಒಂಬತ್ತು ಕ್ಯಾಲೊರಿ ಕೊಡುವ ವಸ್ತು ಭಾರವಲ್ಲವೆಂಬುದು ಅತ್ತೆಗೆ ಸಮಾಧಾನ. ಸೊಸೆಗೆ ಅಷ್ಟು ಸಮಾಧಾನವಿರಲಿಲ್ಲವೆಂದು ತೋರುತ್ತದೆ.

ಬನ್ನು, ಉಪ್ಪು, ಸಾಸು ಇವುಗಳ ವಿಚಾರ ಬೇಗ ಮುಗಿಯುವಂಥದು. ಅಂಗಡಿಯ ಬನ್ನು ಮೈದಾದ್ದು, ಅದರಲ್ಲಿ ಸಕ್ಕರೆಯೂ ಉಪ್ಪೂ ಇರುವುವು. ಬಾಟಲಿಯ ಸಾಸಿನಲ್ಲಿಯೂ ಅವೆರಡೂ ಇರುವುವು. ಮೇಯನೇಸ್ ಎಂಬುದಂತೂ ಬಹುಪಾಲು ಎಣ್ಣೆಯೇ. ವಿಶ್ವ ಆರೋಗ್ಯ ಸಂಸ್ಥೆಯವರು ದಿನಕ್ಕೆ ಐದು ಗ್ರಾಮಿಗಿಂತ ಕಡಮೆ ಉಪ್ಪೆಂದು ಹೇಳುವರು. ಅರ್ಧ ಕಿಲೋಗ್ರಾಂ ಮಾಂಸಕ್ಕೆ ಒಂದು ಸಣ್ಣ ಚಮಚ ತುಂಬ ಹಾಕಿದರೆ ಆ ಐದು ಗ್ರಾಂ ಅಲ್ಲಿಯೇ ಆಯಿತು. ನಾಲ್ವರು ಹಂಚಿಕೊಂಡರೂ ತಲೆಗೆ ಒಂದೂಕಾಲು ಗ್ರಾಂ, ಬನ್ನಿನದು ಬೇರೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ, ಪುದೀನ ಕಲಸಿ ಸವರಿದರೆ ಮೇಯನೇಸಿನ ಹಂಗಿಲ್ಲ. ಸೌತೆಕಾಯಿ, ಟೊಮೆಟೊ, ಈರುಳ್ಳಿಯ ಬಿಲ್ಲೆಗಳು ಎಷ್ಟಿದ್ದರೂ ಆದೀತು.

ಮಾಂಸವನ್ನು ಕುರಿತು 2015ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು ಹೇಳಿದುದನ್ನೂ ಬಚ್ಚಿಡಬಾರದು. ಹ್ಯಾಮ್, ಬೇಕನ್, ಸಾಸೇಜು ಮೊದಲಾಗಿ ಸಂಸ್ಕರಿಸಿದ ಮಾಂಸವನ್ನು ಅವರು ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳಲ್ಲಿ ಸೇರಿಸಿದರು. ಹಂದಿಯೂ ಸೇರಿದಂತೆ ಕೆಂಪು ಮಾಂಸವನ್ನು ಪ್ರಾಯಶಃ ಕಾರಣವಾಗಬಹುದಾದವುಗಳಲ್ಲಿಟ್ಟರು. ಮನೆಯಲ್ಲಿ ಕೊಚ್ಚಿದ ಹಸಿಮಾಂಸ ಎರಡನೆಯ ವರ್ಗಕ್ಕೆ ಸೇರಿದುದು. ಅತಿಯಾದ ಉರಿಯಲ್ಲಿ ಕರಿಕಾಗುವಂತೆ ಸುಡುವುದೂ ಹಿತವಲ್ಲ. ಇದರ ಜೊತೆಗೆ, ಥಯಾಮಿನ್ ಎಂಬ ಜೀವಸತ್ತ್ವದಲ್ಲಿ ಹಂದಿಯ ಮಾಂಸವು ಇತರ ಮಾಂಸಗಳಿಗಿಂತ ಸಮೃದ್ಧವೆಂಬುದೂ ನಿಜ. ಪಾಲಿಷ್ ಮಾಡಿದ ಅಕ್ಕಿಯನ್ನುಣ್ಣುವ ನಾಡಿನಲ್ಲಿ ಅದು ಅಲ್ಲಗಳೆಯುವ ಗುಣವಲ್ಲ. ಆ ಮನೆಯಲ್ಲಿ ಇದೆಲ್ಲವನ್ನೂ ತೂಗಿ, ತಿಂಗಳಿಗೆ ಎರಡು ಸಲ, ಯಜಮಾನರಿಗೆ ಒಂದೇ ಬಿಲ್ಲೆ ಎಂದು ನಿಯಮ ಮಾಡಿದರು. ಮಳೆಗಾಲದಲ್ಲಿ ಕರೆಂಟು ಹೋಗುವುದರಿಂದ ಆ ನಿಯಮ ಕೆಲವೊಮ್ಮೆ ತಾನಾಗಿಯೇ ಇನ್ನೂ ಬಿಗಿಯಾಯಿತು.

ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದ್ ಬಂದಿತು. ಆಯುಧಗಳಿಗೆ ಪೂಜೆಯಾಗಿ, ಒಲೆಯ ಮೇಲೆ ಪಂದಿಕರಿ ಎಂದಿನಂತೆ ದೊಡ್ಡ ಪಾತ್ರೆಯಲ್ಲಿ ಕುದಿಯಿತು. ಅದನ್ನು ಬರ್ಗರ್ ಮಾಡುವ ಮಾತನ್ನು ಯಾರೂ ಎತ್ತಲಿಲ್ಲ, ಎತ್ತತಕ್ಕುದೂ ಅಲ್ಲ. ಯಂತ್ರದಲ್ಲಿ ಬೇರೆಯಾಗಿ ನಾಲ್ಕು ಬಿಲ್ಲೆಗಳು ಬೆಂದುವು. ಊಟದ ಹೊತ್ತಿಗೆ ಯಜಮಾನರು ತೋಟದ ಕಡೆ ಹೊರಡಲಿಲ್ಲ. ಪತ್ನಿಯು ಅವರ ಎಲೆಗೆ ಮೂರು ಕಡಂಬುಟ್ಟು, ಪಂದಿಕರಿಯ ನೆಣ ತೆಗೆದ ಎರಡು ತುಂಡು, ಮೇಲಿನ ನೆಣವನ್ನು ಸೌಟಿನಿಂದ ಬದಿಗೆ ಸರಿಸಿ ಎತ್ತಿದ ಕಪ್ಪು ರಸ, ಒಂದು ಬಿಲ್ಲೆ ಇಷ್ಟನ್ನು ಬಡಿಸಿ, ತಾವೂ ಎದುರಿಗೆ ಎಲೆ ಹಾಕಿಕೊಂಡು ಕುಳಿತರು. ಮೊಮ್ಮಗನು ಎರಡು ಬನ್ನುಗಳನ್ನು ತಂದು ಅಜ್ಜನ ಎಲೆಯ ಪಕ್ಕದಲ್ಲಿಟ್ಟನು. ಅವರು ಬನ್ನನ್ನು ಮೊಮ್ಮಗನ ಕಡೆಗೇ ಸರಿಸಿ, ಬಿಲ್ಲೆಯನ್ನು ಬೆರಳಿನಿಂದ ಮುರಿದು, ಕಡಂಬುಟ್ಟಿನೊಡನೆ ಕಾಚಂಪುಳಿಯ ರಸದಲ್ಲಿ ಅದ್ದಿ ಉಂಡರು. ಅಂದಿನಿಂದ ಆ ಮನೆಯ ಸಾಮಾನಿನ ಪಟ್ಟಿಯಲ್ಲಿ ಬನ್ನು ಎಂಬುದು ಮೊಮ್ಮಗನ ಲೆಕ್ಕಕ್ಕೆ ಮಾತ್ರ ಬರುತ್ತಿದೆ.